ತುಡುವೆ ರಾಣಿಗೆ ಬಣ್ಣದ ಬೊಟ್ಟು ಇಡಬಹುದೇ?

ಪ್ರಶ್ನೆ: ನಮ್ಮದು ಸುಳ್ಯ ತಾಲ್ಲೂಕು. ಹಿತ್ತಲಲ್ಲಿ ಎರಡು ಪೆಟ್ಟಿಗೆ ತುಡುವೆ, ಅಂದರೆ ನಮ್ಮ ನಾಡಿನ ಸಾಕುಜೇನು ಇದೆ. ಒಂದೂವರೆ ವರ್ಷವಾಯಿತು, ರಾಣಿಯನ್ನು ಸರಿಯಾಗಿ ನೋಡಿದ್ದೇ ಇಲ್ಲ ಎನ್ನಬೇಕು. ಹೊರದೇಶದವರು ರಾಣಿಯ ಬೆನ್ನಿಗೆ ಬಣ್ಣ ಹಚ್ಚುವ ವಿಡಿಯೊ ನೋಡಿದೆ. ನಮ್ಮ ತುಡುವೆಗೂ ಹಾಗೆ ಮಾಡಬಹುದೇ? ಮನೆಯಲ್ಲಿರುವ ನೈಲ್ ಪಾಲಿಶ್ ಸಾಕಾಗುತ್ತದೆಯೇ? ಬಣ್ಣ ಕಂಡು ಉಳಿದ ನೊಣಗಳು ರಾಣಿಯನ್ನು ಕೊಂದುಬಿಟ್ಟರೆ? ರೆಕ್ಕೆಯನ್ನೂ ಸ್ವಲ್ಪ ಕತ್ತರಿಸಿದರೆ ಪಾಲಾಗಿ ಹೋಗುವುದು, ಅಂದರೆ ಕುಟುಂಬ ಎರಡಾಗಿ ಒಂದು ಭಾಗ ಹಾರಿಹೋಗುವುದು ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮಾಡಬಹುದು. ತುಡುವೆ ರಾಣಿಗೂ ಬೊಟ್ಟು ಇಡಬಹುದು. ಆದರೆ ವಿಡಿಯೊದಲ್ಲಿ ಕಂಡದ್ದನ್ನು ಹಾಗೆಯೇ ನಿಮ್ಮ ಹಿತ್ತಲಲ್ಲಿ ಮಾಡಲು ಹೋಗಬೇಡಿ. ಅವರ ಪೆಟ್ಟಿಗೆಯಲ್ಲಿರುವುದು ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ಎರಿಯನ್ನು, ಅಂದರೆ ಮೇಣದ ಕಣಗಳ ಹಲಗೆಯನ್ನು ಎತ್ತಿ ಬಿಸಿಲಿಗೆ ಹಿಡಿದರೂ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ತುಡುವೆ ಹಾಗಲ್ಲ. ಬೆಳಕು ಬಿದ್ದ ಕೂಡಲೇ ಎರಿಯ ಮೇಲೆ ಓಡಾಟ ಶುರು. ನೊಣಗಳು ಕೆಳಮೂಲೆಗೆ ಸರಿದು ಗೊಂಚಲು ಕಟ್ಟುತ್ತವೆ. ರಾಣಿ ಆ ಗೊಂಚಲಿನೊಳಗೆ ಸೇರಿಕೊಳ್ಳುತ್ತದೆ. ಜಾಸ್ತಿ ಕಾಟ ಕೊಟ್ಟರೆ ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಹೊರಡುತ್ತದೆ. ಹಾಗಾಗಿ ತುಡುವೆಗೆ ಬೊಟ್ಟು ಇಡುವವರು ಮೊದಲು ಕಲಿಯಬೇಕಾದ್ದು ಯಾವ ದಿನ ಇಡಬೇಕು, ಯಾವ ದಿನ ಮುಟ್ಟಲೇಬಾರದು ಎನ್ನುವುದನ್ನು.

ಅದಕ್ಕೂ ಮೊದಲು, ರಾಣಿ ಕಂಡಿಲ್ಲ ಎಂಬ ಬೇಸರ ಬಿಡಿ. ರಾಣಿ ಇದೆಯೋ ಇಲ್ಲವೋ ತಿಳಿಯಲು ರಾಣಿಯನ್ನೇ ನೋಡಬೇಕಾಗಿಲ್ಲ. ಎರಿಯನ್ನು ಸೂರ್ಯನಿಗೆ ಬೆನ್ನು ಹಾಕಿ ಹಿಡಿಯಿರಿ, ಬಿಸಿಲು ನಿಮ್ಮ ಹೆಗಲ ಮೇಲಿಂದ ಕಣದ ತಳಕ್ಕೆ ಬೀಳಲಿ. ತಳದ ನಡುವೆ ಬೆಳ್ಳಗೆ, ಒಂದು ಕಣಕ್ಕೆ ಒಂದೇ ಮೊಟ್ಟೆ ಕಂಡರೆ ಮೂರು ದಿನದೊಳಗೆ ರಾಣಿ ಅಲ್ಲಿಗೆ ಬಂದು ಹೋಗಿದೆ ಎಂದೇ ಲೆಕ್ಕ. ಮೊಟ್ಟೆ ಮೂರು ದಿನಕ್ಕೆ ಒಡೆದು ಮರಿಯಾಗುತ್ತದೆ. ಒಂದೇ ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಂತೆ ಇದ್ದರೆ ಮಾತ್ರ ಗಾಬರಿಯಾಗಬೇಕು. ಅಲ್ಲಿ ರಾಣಿ ಹೋಗಿ, ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರುಮಾಡಿರುತ್ತವೆ. ಮೊಟ್ಟೆ ನೋಡಿ ಪೆಟ್ಟಿಗೆ ಮುಚ್ಚಲು ಎರಡು ನಿಮಿಷ ಸಾಕು. ರಾಣಿಯನ್ನು ಹುಡುಕಲು ಹೊರಟರೆ ಅರ್ಧ ಗಂಟೆಯೂ ಸಾಲದು.

ಹಾಗಾದರೆ ಬೊಟ್ಟು ಯಾಕೆ? ರಾಣಿ ಇದೆ ಎಂದು ಮೊಟ್ಟೆ ಹೇಳುತ್ತದೆ. ಯಾವ ರಾಣಿ ಎಂದು ಅದು ಹೇಳುವುದಿಲ್ಲ. ಕಳೆದ ವರ್ಷದ್ದೇ ಮುಂದುವರಿದಿದೆಯೋ, ನಡುವೆ ಹಳೆಯದು ಹೋಗಿ ಹೊಸದು ಬಂದಿದೆಯೋ? ನೊಣಗಳು ಯಾವ ಸದ್ದೂ ಇಲ್ಲದೆ ಮುದಿ ರಾಣಿಯನ್ನು ಬದಲಾಯಿಸಿಕೊಳ್ಳುತ್ತವೆ. ನೀವು ಹಳೆಯ ರಾಣಿ ಎಂದುಕೊಂಡು ಒಳ್ಳೆಯ ಎಳೆ ರಾಣಿಯನ್ನು ತೆಗೆದುಹಾಕುವ ಅಪಾಯ ಇದೆ. ಬೊಟ್ಟು ಇದ್ದರೆ ಆ ಸಂಶಯವೇ ಬರುವುದಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಉಪಯೋಗ ಇದೆ. ಪಾಲಾಗುವಾಗ ಮೊದಲ ಪಾಲಿನ ಜೊತೆ ಹೊರಡುವುದು ಹಳೆಯ ರಾಣಿ. ಪಕ್ಕದ ತೋಟದ ಹಲಸಿನ ಕೊಂಬೆಯಲ್ಲಿ ಕುಟುಂಬವೊಂದು ನೇತಾಡುತ್ತಿದ್ದರೆ ಅದು ಕಾಡಿನಿಂದ ಬಂದದ್ದೋ ನಿಮ್ಮ ಪೆಟ್ಟಿಗೆಯದ್ದೋ ಎಂಬ ಚರ್ಚೆ ಏಳುತ್ತದೆ. ರಾಣಿಯ ಬೆನ್ನಲ್ಲಿ ನಿಮ್ಮ ಬಣ್ಣ ಇದ್ದರೆ ಮಾತು ಅಲ್ಲಿಗೇ ಮುಗಿಯಿತು.

ನನಗೆ ಇವೆರಡಕ್ಕಿಂತ ದೊಡ್ಡದಾಗಿ ಕಾಣುವುದು ತಳಿಯ ವಿಚಾರ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಕನ್ನಡ, ಕೊಡಗು, ಉತ್ತರ ಕನ್ನಡದ ಪೆಟ್ಟಿಗೆಗಳನ್ನು ಖಾಲಿ ಮಾಡಿತು. ಹಿರಿಯ ಜೇನು ಕೃಷಿಕರನ್ನು ಕೇಳಿ, ಇವತ್ತಿಗೂ ನೋವಿನಿಂದಲೇ ಹೇಳುತ್ತಾರೆ. ಅದು ವೈರಸ್ ರೋಗ, ಅದಕ್ಕೆ ಮದ್ದಿಲ್ಲ. ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಮರಿ ಕುಟುಂಬ ಮಾಡುತ್ತಾ ಹೋಗುವುದು ನಮ್ಮ ಕೈಲಿರುವ ಒಳ್ಳೆಯ ದಾರಿ. ಯಾವ ರಾಣಿಯ ಮಗಳು ಯಾವ ಪೆಟ್ಟಿಗೆಯಲ್ಲಿದೆ ಎಂದು ತಿಳಿಯದೆ ಆ ಕೆಲಸ ಹೇಗೆ ಸಾಧ್ಯ? ಎರಡೇ ಪೆಟ್ಟಿಗೆ ಇದ್ದರೂ ಈ ಅಭ್ಯಾಸ ಬೇಕು ಎನ್ನುವುದು ಅದಕ್ಕೇ.

ಈಗ ಕಾಲದ ಮಾತು. ನಿಮ್ಮ ಕಡೆ ನವೆಂಬರ್‌ನಿಂದ ಜನವರಿ, ಕೆಲವು ವರ್ಷ ಫೆಬ್ರವರಿವರೆಗೂ ಪಾಲಾಗುವ ಕಾಲ. ಆಗ ಹೊಸ ರಾಣಿಗಳು ಹುಟ್ಟುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ. ಆಮೇಲೆ ಒಂದು ವಾರದ ಆಸುಪಾಸಿನಲ್ಲಿ ಅದು ಹೊರಗೆ ಹಾರಿ ಗಂಡು ನೊಣಗಳೊಂದಿಗೆ ಕೂಡಿ ಬರುತ್ತದೆ. ಅದರ ನಂತರ ಮೊಟ್ಟೆ ಶುರು. ಆ ಮೊಟ್ಟೆಗಳು ಮರಿಯಾಗಿ, ಕಣಗಳಿಗೆ ಮುಚ್ಚಳ ಬಿದ್ದಿದೆ ಎನ್ನುವಾಗ ಬೊಟ್ಟು ಇಡಿ. ರಾಣಿ ನಿಂತಿದೆ ಎಂದು ಆಗ ಗಟ್ಟಿಯಾಗಿರುತ್ತದೆ. ಹೊಟ್ಟೆ ತುಂಬಿ ಮೈ ಭಾರವಾಗಿರುವುದರಿಂದ ಹಾರುವುದೂ ಕಡಿಮೆ. ಪಾಲು ಮಾಡಿದ ಕುಟುಂಬದಲ್ಲಿ ಎರಿ ಮೂರು ನಾಲ್ಕೇ ಇರುವುದರಿಂದ ಹುಡುಕುವುದೂ ಸುಲಭ. ಫೆಬ್ರವರಿ ಮಾರ್ಚ್‌ನಲ್ಲಿ ರಬ್ಬರ್ ಚಿಗುರಿನ ಜೇನು ಬರತೊಡಗಿದ ಮೇಲೆ ಮೇಲಿನ ಕೋಣೆಯೂ ತುಂಬಿ, ಪೆಟ್ಟಿಗೆ ತುಂಬ ನೊಣವಾಗಿ, ರಾಣಿ ಕಣ್ಣಿಗೆ ಬೀಳುವುದೇ ಇಲ್ಲ. ಅಷ್ಟರೊಳಗೆ ಕೆಲಸ ಮುಗಿಸಿ.

ಕನ್ಯಾ ರಾಣಿಯನ್ನು ಮುಟ್ಟಬೇಡಿ. ಅದು ಸಪೂರ, ಚುರುಕು, ಕೈ ತಪ್ಪಿದರೆ ಹಾರಿಯೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಂತೂ ಬೇಡವೇ ಬೇಡ. ಆಗ ಹೊರಗೆ ಆಹಾರವಿಲ್ಲ, ಕುಟುಂಬ ಬಡಕಲಾಗಿರುತ್ತದೆ, ಸಣ್ಣ ನೆಪ ಸಿಕ್ಕರೂ ಪರಾರಿ. ಮರದ ಪೊಟರೆಯಿಂದ ಹಿಡಿದು ತಂದು ಪೆಟ್ಟಿಗೆಗೆ ತುಂಬಿದ ಕುಟುಂಬವನ್ನೂ ಎರಿಗೆ ಒಗ್ಗಿ ಮರಿ ಬೆಳೆಸುವವರೆಗೆ ಹಾಗೇ ಬಿಡಿ.

ಬಣ್ಣ ತೆಗೆದುಕೊಳ್ಳುವ ಮುನ್ನ ಕೈ ಪಳಗಬೇಕು. ಅದಕ್ಕೆ ಗಂಡು ನೊಣಕ್ಕಿಂತ ಒಳ್ಳೆಯ ಗುರು ಇಲ್ಲ. ಅದಕ್ಕೆ ಮುಳ್ಳಿಲ್ಲ, ಚುಚ್ಚುವುದಿಲ್ಲ. ಪಾಲಾಗುವ ಕಾಲದಲ್ಲಿ ಪೆಟ್ಟಿಗೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕಪ್ಪು ಮೈ, ತಲೆ ಮುಚ್ಚುವಷ್ಟು ದೊಡ್ಡ ಕಣ್ಣು, ಮೊಂಡು ಹಿಂಭಾಗ. ತುಡುವೆಯ ಗಂಡು ಕಣದ ಮುಚ್ಚಳವನ್ನು ಹತ್ತಿರದಿಂದ ನೋಡಿದ್ದೀರಾ? ಮೇಲಿನ ಮೇಣ ಉದುರಿದ ಮೇಲೆ ಒಳಗಿನ ಮುಚ್ಚಳ ಚೂಪಾಗಿ ಉಬ್ಬಿಕೊಂಡಿರುತ್ತದೆ, ಅದರ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಚಿಕ್ಕ ತೂತು. ಮೆಲ್ಲಿಫೆರಾದಲ್ಲಿ ಇದು ಕಾಣಸಿಗದು. ಅಂಥ ಮುಚ್ಚಳಗಳು ಜಾಸ್ತಿ ಕಂಡರೆ ಗಂಡು ನೊಣಗಳಿಗೆ ಕೊರತೆಯಿಲ್ಲ. ರಾಣಿಗೆ ಇಡಬೇಕೆಂದಿರುವ ಬಣ್ಣ ಬಿಟ್ಟು ಬೇರೆ ಬಣ್ಣದಲ್ಲಿ ಹತ್ತಿಪ್ಪತ್ತು ಗಂಡು ನೊಣಗಳಿಗೆ ಬೊಟ್ಟು ಇಟ್ಟು ನೋಡಿ. ಹಿಡಿದಾಗ ಎಷ್ಟು ಒತ್ತಿದರೆ ಹೆಚ್ಚು, ಎಷ್ಟು ಸಡಿಲಾದರೆ ಜಾರುತ್ತದೆ ಎನ್ನುವುದು ಬೆರಳಿಗೇ ತಿಳಿಯುತ್ತದೆ. ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ.

ರಾಣಿಯನ್ನು ಹುಡುಕಲು ಬಿಸಿಲಿರುವ ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಪೆಟ್ಟಿಗೆ ತೆರೆಯಿರಿ. ದುಡಿಯುವ ನೊಣಗಳು ಆಗ ಹೊರಗೆ ಹೋಗಿರುತ್ತವೆ. ಹೊಗೆ ಕಡಿಮೆ ಇರಲಿ. ಜಾಸ್ತಿ ಹಾಕಿದರೆ ಎಲ್ಲವೂ ಓಡಲು ಶುರು, ರಾಣಿಯೂ ಓಡುತ್ತದೆ. ಕೈಗೆ ಸೋಪಿನ ಪರಿಮಳ ಇರಬಾರದು. ಬಾಳೆಹಣ್ಣು ತಿಂದು ಹೋಗಬೇಡಿ, ನೊಣಗಳು ಅಪಾಯ ಬಂದಾಗ ಬಿಡುವ ವಾಸನೆಯಲ್ಲಿರುವ ಒಂದು ರಾಸಾಯನಿಕ ಬಾಳೆಹಣ್ಣಿನ ವಾಸನೆಯಲ್ಲೂ ಇದೆ. ಬದಿಯ ಎರಿ ಮೊದಲು ತೆಗೆದು ಪಕ್ಕಕ್ಕಿಟ್ಟು ಜಾಗ ಮಾಡಿಕೊಳ್ಳಿ. ಒಂದು ಎರಿ ಎತ್ತಿದಾಗ ಮೊದಲು ನೋಡಬೇಕಾದ್ದು ಕೈಯಲ್ಲಿರುವ ಎರಿಯನ್ನಲ್ಲ. ಪೆಟ್ಟಿಗೆಯಲ್ಲೇ ಉಳಿದ ಪಕ್ಕದ ಎರಿಯ ಮುಖವನ್ನು. ಬೆಳಕು ಬಿದ್ದೊಡನೆ ರಾಣಿ ಕತ್ತಲ ಕಡೆ ಸರಿಯುವುದು ಅಲ್ಲೇ ಕಾಣುತ್ತದೆ. ಹೊಸ ಮೊಟ್ಟೆ ಇರುವ ಎರಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಉದ್ದ ಹೊಟ್ಟೆ, ಅದರ ಅರ್ಧದವರೆಗೆ ಮಾತ್ರ ಬರುವ ರೆಕ್ಕೆ, ಕೆಂಚು ಕಾಲು, ನಿಧಾನದ ನಡಿಗೆ. ಎರಿ ಕೊಡವಬೇಡಿ. ಎರಡು ಸುತ್ತು ನೋಡಿಯೂ ಸಿಗದಿದ್ದರೆ ಪೆಟ್ಟಿಗೆ ಮುಚ್ಚಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಹಠ ಹಿಡಿದು ಹುಡುಕಿದಷ್ಟೂ ಕುಟುಂಬಕ್ಕೆ ತೊಂದರೆ.

ಹಿಡಿಯಲು ಬರಿಗೈ ಒಳ್ಳೆಯದು, ಆದರೆ ಹೊಸಬರಿಗೆ ನಾನು ಕೊಳವೆಯನ್ನೇ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಸಿಗುವ ಕ್ಲಿಪ್ಪು, ಪಂಜರಗಳು ಮೆಲ್ಲಿಫೆರಾ ಅಳತೆಯವು. ಅವುಗಳ ಸಂದಿಯಿಂದ ನಮ್ಮ ತುಡುವೆ ರಾಣಿ ನುಸುಳಿ ಹೋಗಬಹುದು. ಔಷಧದ ಅಂಗಡಿಯಿಂದ 20 ಎಂ.ಎಲ್. ಸಿರಿಂಜ್ ತನ್ನಿ. ಸೂಜಿ ಸಿಕ್ಕಿಸುವ ತುದಿಯನ್ನು ಪೂರ್ತಿ ಕತ್ತರಿಸಿ, ಅಂಚನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ನಯ ಮಾಡಿ. ಆ ಬಾಯಿಗೆ ಪೆನ್ನಿನ ತುದಿ ತೂರುವಷ್ಟು ಕಿಂಡಿಯ ಜಾಲರಿ ಬಿಗಿಯಾಗಿ ಕಟ್ಟಿ. ಒಳಗಿನ ದಂಡದ ತುದಿಗೆ ಮೆತ್ತನೆಯ ಸ್ಪಂಜು ಅಂಟಿಸಿ. ದಂಡ ತೆಗೆದ ಕೊಳವೆಯ ತೆರೆದ ಬಾಯಿಯನ್ನು ರಾಣಿಯ ಮೇಲೆ ಮೆಲ್ಲಗೆ ಇಟ್ಟರೆ ಅದು ಗೋಡೆ ಹತ್ತಿ ಮೇಲೆ ಹೋಗುತ್ತದೆ. ಒಂದೆರಡು ಕೆಲಸಗಾರ ನೊಣ ಜೊತೆಗೆ ಬಂದರೂ ಚಿಂತೆಯಿಲ್ಲ. ಸ್ಪಂಜನ್ನು ಕೆಳಗಿನಿಂದ ನಿಧಾನವಾಗಿ ತಳ್ಳಿ, ರಾಣಿಯ ಬೆನ್ನು ಜಾಲರಿಗೆ ತಾಗಿ ಅಲುಗದಂತೆ ನಿಂತರೆ ಸಾಕು.

ಬೆರಳಿನಿಂದಲೇ ಹಿಡಿಯುವುದಾದರೆ ಹಿಂದಿನಿಂದ ಎರಡೂ ರೆಕ್ಕೆ ಸೇರಿಸಿ ಎತ್ತಿ, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳ ನಡುವೆ ಎದೆಭಾಗದ ಬದಿ ಮತ್ತು ಕಾಲುಗಳನ್ನು ಹಿಡಿಯಿರಿ. ಹೊಟ್ಟೆಯನ್ನು ಯಾವ ಕಾರಣಕ್ಕೂ ಒತ್ತಬಾರದು, ಮೊಟ್ಟೆಯೆಲ್ಲ ಇರುವುದು ಅಲ್ಲೇ. ಮುಂಗಾಲಿಗೂ ಪೆಟ್ಟಾಗಬಾರದು. ರಾಣಿ ಮುಂಗಾಲಿನಿಂದ ಕಣದ ಅಗಲ ಅಳೆದೇ ಗಂಡು ಮೊಟ್ಟೆಯೋ ಹೆಣ್ಣು ಮೊಟ್ಟೆಯೋ ಇಡುತ್ತದೆ. ರಾಣಿಗೆ ಮುಳ್ಳಿದೆ, ಆದರೆ ಅದು ಇನ್ನೊಂದು ರಾಣಿಗಾಗಿ. ಮನುಷ್ಯರಿಗೆ ಚುಚ್ಚುವುದು ತೀರಾ ಅಪರೂಪ. ಕೆಲವು ರಾಣಿಗಳು ಹಿಡಿದ ಕೂಡಲೇ ಕಾಲು ಮಡಚಿ ಸತ್ತಂತೆ ಬೀಳುತ್ತವೆ. ಹೆದರಬೇಡಿ, ಸುಮ್ನೆ ನೆರಳಲ್ಲಿ ಅಂಗೈ ಮೇಲೆ ಇಟ್ಟುಕೊಂಡಿರಿ, ಕೆಲವೇ ನಿಮಿಷದಲ್ಲಿ ಎದ್ದು ನಡೆಯುತ್ತವೆ. ಮೊದಲ ಸಲವಾದರೆ ಕೊಳವೆ ಸಮೇತ ಕಿಟಕಿ ಮುಚ್ಚಿದ ಕೋಣೆಗೆ ಹೋಗಿ. ಕೈ ತಪ್ಪಿ ಹಾರಿದರೂ ಗಾಜಿನ ಬಳಿಯೇ ಸಿಗುತ್ತದೆ. ಹೊರಗೆ ಹಾರಿದರೆ ಪೆಟ್ಟಿಗೆ ತೆರೆದಿಟ್ಟು ನಿಂತಲ್ಲೇ ನಿಲ್ಲಿ, ಹೆಚ್ಚಾಗಿ ತಾನಾಗಿಯೇ ಮರಳುತ್ತದೆ.

ಇನ್ನು ನಿಮ್ಮ ನೈಲ್ ಪಾಲಿಶ್. ಬಳಸುವವರಿದ್ದಾರೆ, ನಾನು ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಯಾವಾಗಲೂ ಕತ್ತಲೆ. ಬಣ್ಣ ಕಂಡು ನೊಣಗಳು ರಾಣಿಯ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಅವು ರಾಣಿಯನ್ನು ತಿಳಿಯುವುದು ವಾಸನೆಯಿಂದ. ಆ ವಾಸನೆಯ ಮೇಲೆ ನೈಲ್ ಪಾಲಿಶ್‌ನ ಘಾಟು ಕೂತರೆ ಅನುಮಾನ ಹುಟ್ಟುತ್ತದೆ. ತುಡುವೆ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ನೀರಿನಲ್ಲಿ ಕಲಸಿದ ಅಕ್ರಿಲಿಕ್ ಬಣ್ಣದ ಪೆನ್ನು ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪೋಸ್ಕಾ ಎಂಬ ಹೆಸರಿನದ್ದನ್ನು ಜೇನು ಸಾಕುವವರು ಎಲ್ಲ ಕಡೆ ಬಳಸುತ್ತಾರೆ. ಸಣ್ಣ ತುದಿಯದ್ದು ತೆಗೆದುಕೊಳ್ಳಿ. ಕೊರಿಯರ್ ಡಬ್ಬಿಗೆ ಬರೆಯುವ, ಮೂಗಿಗೆ ಹೊಡೆಯುವ ಮಾರ್ಕರ್ ಬೇಡ.

ಪೆನ್ನನ್ನು ಮೊದಲು ಕಾಗದದ ಮೇಲೆ ಒತ್ತಿ ಹೆಚ್ಚಿನ ಬಣ್ಣ ಇಳಿಸಿ. ಆಮೇಲೆ ಎದೆಭಾಗದ ಮೇಲೆ, ಎರಡು ರೆಕ್ಕೆಗಳ ನಡುವೆ ಬೋಳಾಗಿ ಹೊಳೆಯುವ ಜಾಗದಲ್ಲಿ ಒಂದೇ ಸಲ ತಾಗಿಸಿ. ಬೊಟ್ಟು ರಾಗಿ ಕಾಳಿಗಿಂತ ದೊಡ್ಡದಾಗಬಾರದು. ತಲೆ, ಮೀಸೆ, ಕಣ್ಣು, ರೆಕ್ಕೆಯ ಬುಡ ಇವಕ್ಕೆ ತಾಗಬಾರದು. ನೊಣ ಉಸಿರಾಡುವುದು ಮೈಯ ಬದಿಯ ಸಣ್ಣ ರಂಧ್ರಗಳಿಂದ, ಬಣ್ಣ ಅಲ್ಲಿಗೆ ಹರಿಯಬಾರದು. ಬೊಟ್ಟು ಇಟ್ಟ ತಕ್ಷಣ ಸ್ಪಂಜು ಇಳಿಸಿ, ಇಲ್ಲದಿದ್ದರೆ ಬೆನ್ನು ಜಾಲರಿಗೆ ಅಂಟೀತು. ಎರಡು ಮೂರು ನಿಮಿಷ ಒಣಗಲು ಬಿಡಿ. ರಾಣಿಗೆ ಇದರಿಂದ ನೋವೇನಿಲ್ಲ. ಬೆಳೆದ ನೊಣ ಪೊರೆ ಕಳಚುವುದೂ ಇಲ್ಲ, ಹಾಗಾಗಿ ಚೆನ್ನಾಗಿ ಕೂತ ಬೊಟ್ಟು ಅದರ ಕೊನೆಯವರೆಗೂ ಉಳಿಯಬಹುದು. ಹಸಿ ಬಣ್ಣದಲ್ಲೇ ಒಳಗೆ ಬಿಟ್ಟರೆ ಮಾತ್ರ ತುಡುವೆ ನೆಕ್ಕಿ, ಕೆರೆದು ಒಂದೇ ದಿನದಲ್ಲಿ ತೆಗೆದುಬಿಡುತ್ತದೆ. ಮೈ ಶುಚಿ ಮಾಡುವುದರಲ್ಲಿ ಅದು ಮೆಲ್ಲಿಫೆರಾಗಿಂತ ಮುಂದು.

ವಾಪಸ್ ಬಿಡುವಾಗ ಅದೇ ಮರಿ ಎರಿಯ ಮೇಲೆ ಕೊಳವೆಯ ಬಾಯಿ ತಾಗಿಸಿ, ತಾನಾಗಿ ಇಳಿದು ಹೋಗಲಿ. ಒಂದು ನಿಮಿಷ ನಿಂತು ನೋಡಿ. ನೊಣಗಳು ಮೀಸೆಯಿಂದ ಮುಟ್ಟಿ, ನೆಕ್ಕಿ, ದಾರಿ ಬಿಟ್ಟುಕೊಟ್ಟರೆ ಎಲ್ಲ ಸರಿಯಾಯಿತು. ಅದರ ಬದಲು ಒಂದರ ಮೇಲೊಂದು ಬಿದ್ದು ರಾಣಿಯನ್ನು ನಡುವೆ ಹಾಕಿ ಬಿಗಿಯಾದ ಉಂಡೆ ಕಟ್ಟಿದರೆ ತಡ ಮಾಡಬೇಡಿ, ಉಂಡೆಯೊಳಗೆ ರಾಣಿ ಸಾಯುತ್ತದೆ. ಉಂಡೆಯನ್ನು ಹಾಗೇ ಎತ್ತಿ ನೀರಿನ ಬಟ್ಟಲಿಗೆ ಹಾಕಿ. ನೊಣಗಳು ಬಿಡಿಬಿಡಿಯಾಗುತ್ತವೆ. ರಾಣಿಯನ್ನು ಎತ್ತಿ ಒಣಗಿಸಿ, ಅದು ನುಸುಳದಷ್ಟು ಸಣ್ಣ ಸಂದಿಯ ಪಂಜರದಲ್ಲಿಟ್ಟು ಎರಿಗಳ ನಡುವೆ ತೂಗಿಸಿ. ನೊಣಗಳು ಪಂಜರವನ್ನು ಕಚ್ಚುವುದು ಬಿಟ್ಟು ಕಿಂಡಿಯಿಂದ ತುತ್ತು ಕೊಡಲು ಶುರುಮಾಡಿದ ಮೇಲೆ, ಒಂದೆರಡು ದಿನದಲ್ಲಿ ಬಿಡಬಹುದು. ಬೊಟ್ಟು ಇಡುವ ದಿನ ನೀರಿನ ಬಟ್ಟಲು, ಪಂಜರ ಪಕ್ಕದಲ್ಲೇ ಇರಲಿ. ಉಂಡೆ ಕಟ್ಟದೆ ಎಲ್ಲ ಸರಿಯಾಗಿದ್ದರೆ ಪೆಟ್ಟಿಗೆಯನ್ನು ಒಂದು ವಾರ ತೆರೆಯಬೇಡಿ.

ಯಾವ ಬಣ್ಣ? ಅಂತರರಾಷ್ಟ್ರೀಯ ಲೆಕ್ಕ ಒಂದಿದೆ. ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7 ಆದರೆ ಹಳದಿ, 3 ಮತ್ತು 8ಕ್ಕೆ ಕೆಂಪು, 4 ಮತ್ತು 9ಕ್ಕೆ ಹಸಿರು, 5 ಮತ್ತು 0ಗೆ ನೀಲಿ. ಅಂದರೆ 2026 ಬಿಳಿ, 2027 ಹಳದಿ. ಆದರೆ ಈ ಲೆಕ್ಕ ಹೊಂದುವುದು ಮೇ, ಜೂನ್‌ನಲ್ಲಿ ರಾಣಿ ಹುಟ್ಟುವ ಊರುಗಳಿಗೆ. ನಮ್ಮ ರಾಣಿಗಳು ಹುಟ್ಟುವುದು ಡಿಸೆಂಬರ್, ಜನವರಿಯಲ್ಲಿ. ಒಂದೇ ತಾಯಿಯ ಎರಡು ಮಕ್ಕಳು, ಹದಿನೈದು ದಿನದ ಅಂತರಕ್ಕೆ ಎರಡು ಬಣ್ಣ ಎಂದರೆ ಗೊಂದಲವೇ ಅಲ್ವಾ? ನನ್ನ ಸಲಹೆ, ಜೇನಿನ ವರ್ಷವನ್ನು ಜೂನ್‌ನಿಂದ ಮೇವರೆಗೆ ಎಣಿಸಿ, ಅದರೊಳಗೆ ಬರುವ ಜನವರಿಯ ಇಸವಿಯ ಬಣ್ಣ ಹಾಕಿ. 2026ರ ಡಿಸೆಂಬರ್ ರಾಣಿಗೂ 2027ರ ಜನವರಿ ರಾಣಿಗೂ ಹಳದಿ. ಕುಟುಂಬ ಮಾರುವಾಗ ಕೊಳ್ಳುವವರಿಗೆ ಇದನ್ನು ತಿಳಿಸಿ. ಎರಡೇ ಪೆಟ್ಟಿಗೆ ಇರುವವರಿಗೆ ಬಿಳಿ, ಹಳದಿ ಇವೆರಡನ್ನೇ ವರ್ಷ ಬಿಟ್ಟು ವರ್ಷ ಬಳಸಿದರೂ ನಡೆಯುತ್ತದೆ. ತುಡುವೆ ರಾಣಿಯ ಮೈ ಕಪ್ಪು, ನೀಲಿ ಹಸಿರು ಅದರ ಮೇಲೆ ಎದ್ದು ಕಾಣುವುದಿಲ್ಲ.

ಬೊಟ್ಟು ಇಟ್ಟ ದಿನವೇ ಪುಸ್ತಕದಲ್ಲಿ ಬರೆಯಿರಿ: ಪೆಟ್ಟಿಗೆ ಸಂಖ್ಯೆ, ಬಣ್ಣ, ತಾರೀಖು, ರಾಣಿ ಎಲ್ಲಿಂದ ಬಂತು, ತಾಯಿ ಯಾವುದು. ಮುಂದೆ ಬೊಟ್ಟಿಲ್ಲದ ರಾಣಿ ಕಂಡರೆ ಬೆನ್ನಲ್ಲಿ ಬಣ್ಣದ ಚೂರು ಉಳಿದಿದೆಯೇ, ಎರಿಯಲ್ಲಿ ರಾಣಿ ಕಣದ (ಹೊಸ ರಾಣಿ ಬೆಳೆಯುವ ಕಣ) ಹಳೆಯ ಗುರುತು ಇದೆಯೇ ನೋಡಿ, ಅದನ್ನೂ ಬರೆಯಿರಿ. ಮಗಳು ಮೊಟ್ಟೆ ಇಡಲು ಶುರುಮಾಡಿದ ಮೇಲೂ ತಾಯಿ ಕೆಲವು ದಿನ ಜೊತೆಗೇ ಇರುವುದುಂಟು. ಒಂದು ರಾಣಿ ಕಂಡಿತೆಂದು ಆತುರ ಬೇಡ.

ಕೊನೆಯದಾಗಿ ರೆಕ್ಕೆ. ಕತ್ತರಿಸಬೇಡಿ. ಅದರಿಂದ ಪಾಲಾಗುವ ಆಸೆ ನಿಲ್ಲುವುದಿಲ್ಲ, ಹಾರುವುದು ಮಾತ್ರ ನಿಲ್ಲುತ್ತದೆ. ನೊಣಗಳು ಹೊರಟಾಗ ರಾಣಿ ಪೆಟ್ಟಿಗೆಯ ಬಾಗಿಲಿನಿಂದ ನೆಲಕ್ಕೆ ಬಿದ್ದು ಇರುವೆಗೆ ಆಹಾರವಾಗುತ್ತದೆ. ಹೋದ ನೊಣಗಳು ರಾಣಿಯಿಲ್ಲದೆ ಮರಳುತ್ತವೆ, ಎಳೆ ರಾಣಿ ಹೊರಬಂದ ಮೇಲೆ ಅದರ ಜೊತೆ ಮತ್ತೆ ಹೊರಡುತ್ತವೆ. ಬಾಗಿಲಿಗೆ ರಾಣಿ ತಡೆ ಗೇಟು (ಕೆಲಸಗಾರ ನೊಣ ದಾಟುವ, ರಾಣಿ ದಾಟಲಾಗದ ಸಂದಿಯ ತಡೆ) ಹಾಕುವುದು ಹೊಸದಾಗಿ ತಂದ ಕುಟುಂಬಕ್ಕೆ ಕೆಲವು ದಿನದ ಮಟ್ಟಿಗೆ ಸರಿ. ಕನ್ಯಾ ರಾಣಿ ಇರುವ ಪೆಟ್ಟಿಗೆಗೆ ಅದನ್ನು ಹಾಕಲೇಬಾರದು, ಕೂಡಲು ಅದು ಹೊರಗೆ ಹೋಗಲೇಬೇಕು.

ಪಾಲಾಗಿ ಹೋಗುತ್ತದೆಂಬ ಭಯವಿದ್ದರೆ ಮೊದಲೇ ನೀವೇ ಪಾಲು ಮಾಡಿ. ಬೊಟ್ಟಿರುವ ರಾಣಿ ಇದ್ದರೆ ಇದು ಸುಲಭ. ರಾಣಿ ಕಣ ಕಟ್ಟಲು ಶುರುವಾದಾಗ ಬೊಟ್ಟಿನ ರಾಣಿ ಕೂತ ಎರಿ, ಜೊತೆಗೆ ಮರಿ ಮತ್ತು ಜೇನಿರುವ ಇನ್ನೆರಡು ಎರಿಯನ್ನು ನೊಣ ಸಮೇತ ಹೊಸ ಪೆಟ್ಟಿಗೆಗೆ ಸಾಗಿಸಿ, ಸ್ವಲ್ಪ ದೂರದಲ್ಲಿಡಿ. ಆ ಎರಿಗಳಲ್ಲಿ ರಾಣಿ ಕಣ ಇದ್ದರೆ ತೆಗೆದುಬಿಡಿ. ಹಳೆಯ ಪೆಟ್ಟಿಗೆ ಇದ್ದಲ್ಲೇ ಇರಲಿ, ಅದರಲ್ಲಿ ದಪ್ಪಗೆ ಬೆಳೆದ ಒಂದೆರಡು ರಾಣಿ ಕಣ ಉಳಿಸಿ ಬಾಕಿಯದ್ದನ್ನು ಕಿತ್ತುಹಾಕಿ. ಮೂರು ವಾರ ಬಿಟ್ಟು ಅಲ್ಲಿ ಹೊಸ ಮೊಟ್ಟೆ ಇದೆಯೇ ನೋಡಿ. ಇದ್ದರೆ, ಮರಿ ಕಣಕ್ಕೆ ಮುಚ್ಚಳ ಬಿದ್ದ ಮೇಲೆ ಆ ರಾಣಿಗೂ ಬೊಟ್ಟು ಇಡಿ.